ನೀರಾವಿಯೇ ಹೆಚ್ಚು ಶಾಖ ಹಿಡಿಯುವಾಗ ಭೂಮಿ ಬಿಸಿಯಾಗುತ್ತಿರುವುದಕ್ಕೆ ಇಂಗಾಲದ ಡೈಆಕ್ಸೈಡನ್ನೇ ಏಕೆ ದೂರುತ್ತಾರೆ?

ಏಕೆಂದರೆ ಗಾಳಿಯಲ್ಲಿ ನೀರಾವಿ ಎಷ್ಟಿರಬೇಕೆಂದು ತೀರ್ಮಾನಿಸುವುದು ಉಷ್ಣಾಂಶ, ನಾವು ನೇರವಾಗಿ ಬಿಡುವ ಹಬೆಯಲ್ಲ. ಹಸಿರುಮನೆ ಪರಿಣಾಮದ, ಅಂದರೆ ವಾಯುಮಂಡಲ ಶಾಖ ಹಿಡಿದಿಟ್ಟು ಭೂಮಿಯನ್ನು ಬೆಚ್ಚಗಿಡುವುದರ, ಸುಮಾರು ಅರ್ಧ ಪಾಲು ನೀರಾವಿಯದೇ, ನಿಜ. ಆದರೆ ಹೆಚ್ಚಾದ ಆವಿ ಎಂಟು-ಹತ್ತು ದಿನಗಳಲ್ಲಿ ಮಳೆಯಾಗಿ ಇಳಿದುಬಿಡುತ್ತದೆ. ಡೈಆಕ್ಸೈಡ್ ಹಾಗೆ ಇಳಿಯದು. ಅದರ ಒಂದು ಪಾಲು ಸಾವಿರಾರು ವರ್ಷ ಉಳಿಯುತ್ತದೆ.

ಗಾಳಿ 1 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಅದರಲ್ಲಿ ಇರಬಲ್ಲ ಆವಿ ಸುಮಾರು 7% ಹೆಚ್ಚುತ್ತದೆ. ಆ ಆವಿ ನೆಲದಿಂದ ಆಕಾಶಕ್ಕೆ ಹೊರಟ ಅವಕೆಂಪು ಕಿರಣಗಳನ್ನು, ಅಂದರೆ ಕಣ್ಣಿಗೆ ಕಾಣದ ಶಾಖವನ್ನು, ಹೀರಿ ಒಂದಿಷ್ಟನ್ನು ಕೆಳಗೇ ಮರಳಿಸುತ್ತದೆ. ಹೀಗೆ ಡೈಆಕ್ಸೈಡ್ ತಂದ ಬಿಸಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಕಿಡಿ ಡೈಆಕ್ಸೈಡಿನದು, ಗಾಳಿ ಊದುವುದು ನೀರಾವಿ.

ಇದು ಬರೀ ಲೆಕ್ಕಾಚಾರವಲ್ಲ. 1991ರಲ್ಲಿ ಫಿಲಿಪ್ಪೀನ್ಸಿನ ಪಿನಾಟುಬೊ ಜ್ವಾಲಾಮುಖಿ ಸಿಡಿದು, ಅದರ ಮಬ್ಬು ಬಿಸಿಲನ್ನು ತಡೆದು, ಭೂಮಿ ಸುಮಾರು ಅರ್ಧ ಡಿಗ್ರಿ ತಣಿದಾಗ ವಾಯುಮಂಡಲದ ಆವಿಯೂ ಕುಗ್ಗಿದ್ದನ್ನು ಉಪಗ್ರಹಗಳು ಅಳೆದಿವೆ.

ನೀರಾವಿ ಶಾಖ ಹಿಡಿಯುವುದನ್ನು ಮೈಯಲ್ಲೇ ಅರಿಯಬಹುದು. ಡಿಸೆಂಬರಿನಲ್ಲಿ ಬೀದರಿನ ಒಣಹವೆಯ ರಾತ್ರಿ ಹಗಲಿನ ಬಿಸಿಯನ್ನು ಬೇಗ ಬಿಟ್ಟುಕೊಡುತ್ತದೆ. ಮಂಗಳೂರಿನಲ್ಲಿ ಕಡಲಿನ ಜೊತೆಗೆ ತೇವದ ಗಾಳಿಯೂ ಸೇರಿ ಸೆಕೆಯನ್ನು ಉಳಿಸುತ್ತದೆ.