ಟ್ರೇಲರಿನ ಬೆಡ್‌ರೂಮಿಗೆ ಎರಡನೇ ಎಸಿ: ಬಿಟಿಯು ಆಮೇಲೆ, ಮೊದಲು ಪ್ಲಗ್ ನೋಡಿ

ಬೇಸಿಗೆಗೆ ಊರಿನಿಂದ ಅಪ್ಪ ಅಮ್ಮ ಬರುತ್ತಾರೆ, ಗಾಡಿಯ ಹಿಂದೆ ಕಟ್ಟಿ ಎಳೆಯುವ ಮನೆಯಂಥ ಟ್ರೇಲರಿನ ಬೆಡ್‌ರೂಮು ತಣ್ಣಗಾಗುವುದಿಲ್ಲ, ಎರಡನೇ ಎಸಿ 13,500 ಬಿಟಿಯು (ಎಸಿ ತಂಪು ಮಾಡುವ ಶಕ್ತಿಯ ಅಳತೆ) ತಗೊಳ್ಳಲಾ 15,000 ತಗೊಳ್ಳಲಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಎರಡೂ ಬೇಡ.

ನಾವಿರುವುದು ಟೆಕ್ಸಾಸ್, ಸ್ಯಾನ್ ಆಂಟೋನಿಯೋ ಕಡೆ. ಮೂಲ ಊರು ಕಲಬುರಗಿ, ಹಾಗಾಗಿ ಬಿಸಿಲು ಕಾಣದ ಜನ ಅಲ್ಲ. ಆದರೆ ಕಲಬುರಗಿಯ ಮನೆಗೆ ದಪ್ಪ ಕಲ್ಲಿನ ಗೋಡೆ ಇದೆ. ಟ್ರೇಲರಿನ ಗೋಡೆ ಎರಡು ಇಂಚು ಇದ್ದರೆ ಹೆಚ್ಚು. ಹೊರಗೆ 100 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ದಿನ ಹಾಲ್‌ನಲ್ಲಿ ತಣ್ಣಗಿರುತ್ತಿತ್ತು, ಬೆಡ್‌ರೂಮಿಗೆ ಹೋದರೆ ಬೆವರು. ಅಪ್ಪ ಅಮ್ಮನ ಟಿಕೆಟ್ ಬುಕ್ ಆಗಿತ್ತು. ನಾನೂ ನಿಮ್ಮ ಹಾಗೆಯೇ ರಾತ್ರಿ ಕೂತು ಬಿಟಿಯು ಹೋಲಿಸಿದೆ, ಬ್ರ್ಯಾಂಡ್ ಹೋಲಿಸಿದೆ, ಕೊನೆಗೆ ದೊಡ್ಡದೇ ಇರಲಿ ಅಂತ 15,000ದ್ದು ತಗೊಂಡೆ. ಬೆಡ್‌ರೂಮಿನ ಛಾವಣಿಯ ಫ್ಯಾನ್ ತೆಗೆದರೆ ಅಲ್ಲಿ 14 ಇಂಚು ಚೌಕದ ತೂತು ಇರುತ್ತದೆ, ರೂಫ್ ಎಸಿ ಕೂರುವುದೂ ಅಷ್ಟೇ ಅಳತೆಯ ತೂತಿನಲ್ಲಿ. ಅರ್ಧ ದಿನದ ಕೆಲಸ. ಕೂಲಿ ಸೇರಿ ಸಾವಿರ ಡಾಲರ್ ದಾಟಿತು.

ಮೊದಲ ಮಧ್ಯಾಹ್ನವೇ ಎರಡೂ ಎಸಿ ಹಾಕಿದೆವು. ಹೆಂಡತಿ ಮೈಕ್ರೋವೇವ್ ಒತ್ತಿದಳು. ಟಪ್ ಅಂತ ಎಲ್ಲ ಹೋಯಿತು.

ನಮ್ಮದು 30 ಆಂಪ್ ಟ್ರೇಲರ್. ಅದು ಗೊತ್ತಿಲ್ಲದೇ ಇರಲಿಲ್ಲ. ಆದರೆ ನಾವು ಟ್ರೇಲರ್ ನಿಲ್ಲಿಸುವ ಪಾರ್ಕಿನ ಕರೆಂಟ್ ಕಂಬದಲ್ಲಿ 50 ಆಂಪ್ ಸಾಕೆಟ್ ಇತ್ತು, 30ರ ಪ್ಲಗ್ಗನ್ನು 50ಕ್ಕೆ ಚುಚ್ಚುವ ಅಡಾಪ್ಟರ್ ನನ್ನ ಹತ್ತಿರ ಇತ್ತು. ಅದನ್ನು ಹಾಕಿದರೆ 50 ಆಂಪ್ ಬರುತ್ತದೆ ಅಂತ ನಂಬಿದ್ದೆ. ಓದಿದ್ದು ಎಂಜಿನಿಯರಿಂಗ್, ಅದೂ ಎಲೆಕ್ಟ್ರಾನಿಕ್ಸ್. ನಗಬೇಡಿ.

ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ, ಯಾಕೆಂದರೆ ನನ್ನ ದುಡ್ಡು ಹೋಗಿದ್ದು ಇಲ್ಲೇ. ಆ ಅಡಾಪ್ಟರ್ ಪ್ಲಗ್ಗಿನ ಆಕಾರ ಬದಲಿಸುತ್ತದೆ, ಅಷ್ಟೇ. ಟ್ರೇಲರಿನ ಒಳಗೆ ಮೇನ್ ಬ್ರೇಕರ್ 30 ಆಂಪಿನದ್ದು, ಹೊರಗಿನಿಂದ ಬರುವ ವೈರೂ ಅಷ್ಟಕ್ಕೇ. ಓವರ್‌ಹೆಡ್ ಟ್ಯಾಂಕ್ ಎಷ್ಟೇ ದೊಡ್ಡದಿರಲಿ, ಅರ್ಧ ಇಂಚಿನ ಪೈಪಿನಲ್ಲಿ ಬರುವಷ್ಟೇ ನೀರು ಬರುವುದು. 30 ಆಂಪ್ ಅಂದರೆ 120 ವೋಲ್ಟಿನ ಒಂದೇ ಲೈನ್, ಅಂದರೆ 3,600 ವ್ಯಾಟ್. 50 ಆಂಪ್ ಅಂದರೆ 120 ವೋಲ್ಟಿನ ಎರಡು ಲೈನ್, ಒಂದೊಂದಕ್ಕೂ 50 ಆಂಪ್, ಒಟ್ಟು 12,000 ವ್ಯಾಟ್. ಕೇಳಿದರೆ ಇಪ್ಪತ್ತು ಆಂಪ್ ಜಾಸ್ತಿ ಅನ್ನಿಸುತ್ತದೆ, ನಿಜವಾಗಿ ಮೂರು ಪಟ್ಟಿಗಿಂತ ಜಾಸ್ತಿ. ಊರಿನ 230 ವೋಲ್ಟಿನ ಅಂದಾಜು ಇಲ್ಲಿ ಕೈಕೊಡುತ್ತದೆ. ಅದೇ ಎಸಿ ಇಲ್ಲಿ ಹೆಚ್ಚುಕಮ್ಮಿ ಎರಡರಷ್ಟು ಕರೆಂಟ್ ಎಳೆಯುತ್ತದೆ. ಸುಡು ಬಿಸಿಲಿನಲ್ಲಿ ಒಂದು ರೂಫ್ ಎಸಿ 13ರಿಂದ 16 ಆಂಪ್ ತಿನ್ನುತ್ತದೆ. ಎರಡು ಓಡಿದರೆ 30 ಅಲ್ಲಿಗೇ ಮುಗಿಯಿತು. ಫ್ರಿಜ್ಜು, ಬ್ಯಾಟರಿ ಚಾರ್ಜ್ ಮಾಡುವ ಕನ್ವರ್ಟರ್, ಬಿಸಿನೀರು ಇವಕ್ಕೆಲ್ಲ ಎಲ್ಲಿಂದ ತರುತ್ತೀರಿ?

ಅಂಗಡಿಯವರು ಇದನ್ನು ಕೇಳಲಿಲ್ಲ. ಕೇಳಿದ್ದರೆ ಮಾರಾಟ ಆಗುತ್ತಿರಲಿಲ್ಲ ಬಿಡಿ.

ಹಾಗಾಗಿ ನಿಮ್ಮ ಟ್ರೇಲರಿನ ಪ್ಲಗ್ಗಿಗೆ ಎಷ್ಟು ಕಡ್ಡಿ ಇದೆ ನೋಡಿ. ಮೂರಿದ್ದರೆ 30, ನಾಲ್ಕಿದ್ದರೆ 50. ಬಿಟಿಯು ಮಾತೆಲ್ಲ ಅದಾದ ಮೇಲೆ. "ಸಾಫ್ಟ್ ಸ್ಟಾರ್ಟರ್ ಹಾಕಿಸಿ, 30ರಲ್ಲೇ ಎರಡೂ ಓಡುತ್ತೆ" ಅನ್ನುವವರು ಸಿಗುತ್ತಾರೆ. ಕಂಪ್ರೆಸರ್ ಶುರುವಾಗುವಾಗ ಒಂದು ಕ್ಷಣ ಎಳೆಯುವ ದೊಡ್ಡ ಕರೆಂಟನ್ನು ಅದು ತಗ್ಗಿಸುತ್ತದೆ, ನಿಜ. ಸಣ್ಣ ಜನರೇಟರ್ ಇದ್ದವರಿಗೆ ಒಳ್ಳೆಯದು. ಆದರೆ ಶುರುವಾದ ಮೇಲೆ ಎಸಿ ಎಳೆಯುವುದು ಎಳೆಯುತ್ತಲೇ ಇರುತ್ತದೆ.

ಇನ್ನೊಂದು ವಿಷಯ ಕೇಳಿದರೆ ಹೊಟ್ಟೆ ಉರಿಯುತ್ತದೆ. ಬ್ರೇಕರ್ ಬೀಳುವ ತಲೆನೋವಿಗೆ ಒಬ್ಬ ಮೆಕ್ಯಾನಿಕ್ಕನ್ನು ಕರೆಸಿದ್ದೆ. ಅವನು ಹೊಸ ಎಸಿ ಕಡೆ ನೋಡಲೇ ಇಲ್ಲ. ಹಾಲ್‌ನಲ್ಲಿದ್ದ ಹಳೆಯ ಎಸಿಯ ಕೆಳಗಿನ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿದ, ಟಾರ್ಚ್ ಬಿಟ್ಟು ನೋಡು ಅಂದ. ತಣ್ಣನೆ ಗಾಳಿ ಹೋಗುವ ದಾರಿಗೂ ಬೆಚ್ಚನೆ ಗಾಳಿ ವಾಪಸ್ ಬರುವ ದಾರಿಗೂ ನಡುವೆ ಒಂದು ತಡೆ ಇರಬೇಕು. ನಮ್ಮದರಲ್ಲಿ ಆ ತಡೆಯ ಪಕ್ಕದಲ್ಲಿ ಬೆರಳು ತೂರುವಷ್ಟು ಸಂದು. ಸೀಲಿಂಗ್ ಒಳಗೆ ತಣ್ಣನೆ ಗಾಳಿಯನ್ನು ಬೆಡ್‌ರೂಮಿಗೆ ಒಯ್ಯುವ ಡಕ್ಟಿನ ಬಾಯಿಯ ಸುತ್ತಲೂ ಸಂದು. ತಣ್ಣನೆ ಗಾಳಿ ಬೆಡ್‌ರೂಮಿಗೆ ಹೋಗುವ ಮೊದಲೇ ಸೋರಿ, ಒಂದಿಷ್ಟು ಸೀಲಿಂಗ್ ಒಳಗೆ, ಒಂದಿಷ್ಟು ಮತ್ತೆ ಎಸಿಯ ಬಾಯಿಗೇ ಹೋಗುತ್ತಿತ್ತು. ಅವನು ಅಲ್ಯೂಮಿನಿಯಂ ಫಾಯಿಲ್ ಟೇಪ್ ಅಂಟಿಸಿದ. ಬೆಡ್‌ರೂಮಿನ ಕೊನೆಯ ಗಾಳಿಕಿಂಡಿ ದಾಟಿಯೂ ಡಕ್ಟ್ ಸುಮ್ನೆ ಮುಂದಕ್ಕೆ ಹೋಗಿತ್ತು, ಅದಕ್ಕೂ ಅಡ್ಡ ಕೊಟ್ಟ. ಹೊಸ ಎಸಿ ಬಂದ್ ಇಟ್ಟೇ ಆ ರಾತ್ರಿ ಮಲಗಿದೆವು. ಚೆನ್ನಾಗಿಯೇ ನಿದ್ದೆ ಬಂತು.

ಇದನ್ನು ನೀವೇ ಮಾಡಬಹುದು. ಮೊದಲು ಪ್ಲಗ್ ಕಿತ್ತು ಕರೆಂಟ್ ತೆಗೆಯಿರಿ. ಬಟ್ಟೆಯಂಥ ಬೂದು ಟೇಪ್ ಬೇಡ, ಅದರ ಅಂಟು ಬೇಗ ಬಿಡುತ್ತದೆ. ಫಾಯಿಲ್ ಟೇಪೇ ಬೇಕು. ಆಮೇಲೆ ಅಡುಗೆಯ ಥರ್ಮಾಮೀಟರ್ ಒಂದನ್ನು ಎಸಿ ಗಾಳಿ ಎಳೆದುಕೊಳ್ಳುವ ಜಾಗದಲ್ಲೂ ಅದರ ಹತ್ತಿರದ ಕಿಂಡಿಯಲ್ಲೂ ಹಿಡಿಯಿರಿ. ಸುಮಾರು 16ರಿಂದ 22 ಡಿಗ್ರಿ ಫ್ಯಾರನ್‌ಹೀಟ್ ವ್ಯತ್ಯಾಸ ಬಂದರೆ ಎಸಿ ಸರಿಯಾಗಿದೆ ಅಂತ ಲೆಕ್ಕ. ಅಲ್ಲಿ ಸರಿಯಾಗಿದ್ದು ಬೆಡ್‌ರೂಮಿನ ಕಿಂಡಿಯಲ್ಲಿ ಅದರ ಅರ್ಧ ಮಾತ್ರ ಬಂದರೆ ಗಾಳಿ ದಾರಿಯಲ್ಲೆಲ್ಲೋ ಸೋರುತ್ತಿದೆ.

ಬಾಗಿಲ ವಿಷಯವೂ ಇದೆ. ಅಪ್ಪ ಅಮ್ಮ ಬಂದರೆ ಬೆಡ್‌ರೂಮಿನ ಬಾಗಿಲು ಹಾಕಿಯೇ ಮಲಗುತ್ತಾರೆ, ಅಲ್ವಾ? ಗಾಳಿ ವಾಪಸ್ ಹೋಗುವ ದಾರಿ ಹಾಲ್‌ನಲ್ಲಿದೆ. ಬಾಗಿಲು ಮುಚ್ಚಿದರೆ ಒಳಗಿನ ಗಾಳಿ ಹೊರಡುವುದಿಲ್ಲ, ಹೊಸ ತಣ್ಣನೆ ಗಾಳಿ ಒಳಗೆ ಬರುವುದಿಲ್ಲ. ಬಾಗಿಲ ಕೆಳಗೆ ಒಂದಿಂಚು ಸಂದು ಮಾಡಿಸಿ. ಛಾವಣಿಯ ಫ್ಯಾನ್ ತೂತಿಗೆ ತುರುಕುವ ಫೋಮ್ ದಿಂಬು ಸಿಗುತ್ತದೆ, ಅದನ್ನೂ ತುರುಕಿ. ಬೆಡ್‌ರೂಮಿನ ಕಡೆ ಪಶ್ಚಿಮಕ್ಕೆ ಬರದ ಹಾಗೆ ನಿಲ್ಲಿಸಿ. ಪಾರ್ಕಿನಲ್ಲಿ ಮರದ ನೆರಳಿನ ಜಾಗಕ್ಕೆ ನಾಲ್ಕು ಡಾಲರ್ ಜಾಸ್ತಿ ಕೊಡಬೇಕಾದರೂ ಕೊಡಿ.

ಇಷ್ಟು ಮಾಡಿಯೂ ಸಾಲದೆ, ನಿಮ್ಮದು 30 ಆಂಪ್ ಆಗಿದ್ದರೆ, ರೂಫ್ ಎಸಿ ಆಸೆ ಬಿಡಿ. 5,000 ಬಿಟಿಯುವಿನ ಸಣ್ಣ ಕಿಟಕಿ ಎಸಿ ನಾಲ್ಕೈದು ಆಂಪ್ ಮಾತ್ರ ಎಳೆಯುತ್ತದೆ. ಪಾರ್ಕಿನ ಕಂಬದಲ್ಲಿ ಸಾಮಾನ್ಯವಾಗಿ ಬೇರೆಯದೇ ಒಂದು 20 ಆಂಪ್ ಸಾಕೆಟ್ ಇರುತ್ತದೆ. ಅಲ್ಲಿಂದ 12 ಗೇಜಿನ ದಪ್ಪ ವೈರ್ ಎಳೆದು ಅದಕ್ಕೆ ಕೊಡಿ, ಟ್ರೇಲರಿನ 30ನ್ನು ಮುಟ್ಟುವುದೇ ಬೇಡ. ಅಂಗಳದ ದೀಪಕ್ಕೆ ಹಾಕುವ ತೆಳು ವೈರ್ ಬಳಸಿದರೆ ಅದು ಬಿಸಿಯಾಗಿ ಸುಟ್ಟೀತು. ಒಂದೇ ಪೈಪಿನ ಪೋರ್ಟಬಲ್ ಎಸಿ ಮಾತ್ರ ತರಬೇಡಿ. ಅದು ಒಳಗಿನ ಗಾಳಿಯನ್ನು ಹೊರಗೆ ತಳ್ಳಿ, ಆ ಜಾಗಕ್ಕೆ ಹೊರಗಿನ ಬಿಸಿ ಗಾಳಿಯನ್ನೇ ಎಳೆದುಕೊಳ್ಳುತ್ತದೆ.

ನಮ್ಮ 15,000 ಈಗಲೂ ಮೇಲೆ ಕೂತಿದೆ. ಹಗಲು ಹಾಲ್‌ನ ಎಸಿ, ರಾತ್ರಿ ಅದು, ಎರಡೂ ಒಟ್ಟಿಗೆ ಎಂದೂ ಇಲ್ಲ. ಅಮ್ಮ ಅಂತೂ ಹಾಕಿದ ಹತ್ತು ನಿಮಿಷಕ್ಕೆ "ಮಂಡಿ ಹಿಡಿಯುತ್ತೆ, ಆರಿಸು" ಅನ್ನುತ್ತಾರೆ. ಅವರು ಹೇಳುವುದರಲ್ಲಿ ತಪ್ಪಿಲ್ಲ. 12,000 ಬಿಟಿಯು ಅಂದರೆ ಒಂದು ಟನ್. ಊರಿನಲ್ಲಿ ಹನ್ನೆರಡಕ್ಕೆ ಹತ್ತು ಅಡಿ ಕೋಣೆಗೆ ಒಂದು ಟನ್ ಹಾಕಿಸುತ್ತೇವೆ. ಟ್ರೇಲರಿನ ಬೆಡ್‌ರೂಮು ಅದರ ಅರ್ಧ ಇರುತ್ತದೆ, ಅದಕ್ಕೆ ನಾನು ಒಂದೂಕಾಲು ಟನ್ ಹಾಕಿದ್ದೇನೆ. ಐದು ನಿಮಿಷದಲ್ಲಿ ತಣ್ಣಗಾಗಿ ನಿಲ್ಲುತ್ತದೆ, ಸೆಕೆಯ ತೇವ ಹಾಗೇ ಉಳಿಯುತ್ತದೆ, ಮತ್ತೆ ತಲೆಯ ಮೇಲೆ ಗುಡುಗಿ ಶುರುವಾಗುತ್ತದೆ.

ನಿಮ್ಮದು 50 ಆಂಪ್ ಆಗಿದ್ದು, ಟೇಪ್ ಹಚ್ಚಿಯೂ ಸೆಕೆ ಹೋಗದಿದ್ದರೆ ಧೈರ್ಯವಾಗಿ ಹಾಕಿಸಿ. ಆದರೆ 13,500ಕ್ಕಿಂತ ಮೇಲೆ ಹೋಗಬೇಡಿ, 11,000ದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಅದಕ್ಕೆ ಅಂತಲೇ ಪ್ರತ್ಯೇಕ 20 ಆಂಪ್ ಬ್ರೇಕರ್ ಇರಲಿ. ಮೇಲಿನ ಯೂನಿಟ್ಟನ್ನೂ ಒಳಗಿನ ಸೀಲಿಂಗ್ ಭಾಗವನ್ನೂ ಬೇರೆ ಬೇರೆ ಮಾರುತ್ತಾರೆ, ಎರಡೂ ಒಂದೇ ಕಂಪನಿಯದ್ದಾಗಿರಲಿ. ಹಾಲ್‌ನ ಥರ್ಮೋಸ್ಟಾಟಿಗೆ ಜೋಡಿಸಲು ಹೋಗಬೇಡಿ. ಸೀಲಿಂಗಿನಲ್ಲೇ ತಿರುಗಿಸುವ ಗುಂಡಿ ಇರುವ ಮಾದರಿ ತಗೊಳ್ಳಿ, ರಾತ್ರಿ ಅಪ್ಪನಿಗೆ ಕನ್ನಡಕ ಹುಡುಕುವ ಕೆಲಸ ಇರುವುದಿಲ್ಲ.