ಕವಾಟದ ಆಪರೇಷನ್: ಸಣ್ಣ ಗಾಯವೋ, ಎದೆಮೂಳೆ ಸೀಳುವುದೋ?

ಪ್ರಶ್ನೆ: ತಾಯಿಗೆ 58 ವರ್ಷ. ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟ ತೀವ್ರವಾಗಿ ಸೋರುತ್ತಿದೆ. ಒಬ್ಬ ಸರ್ಜನ್ ಪಕ್ಕೆಲುಬಿನ ಸಂದಿಯಲ್ಲಿ ಸಣ್ಣ ಗಾಯ ಸಾಕು ಎನ್ನುತ್ತಾರೆ, ಇನ್ನೊಬ್ಬರು ಎದೆಯ ನಡುವೆ ತೆರೆಯುವುದೇ ಕ್ಷೇಮ ಎನ್ನುತ್ತಾರೆ. ಯಾರ ಮಾತು ಕೇಳಬೇಕು?

ಉತ್ತರ: ಹೊರಗಿನ ಗಾಯ ಚಿಕ್ಕದಾಯಿತೆಂದು ಒಳಗಿನ ಆಪರೇಷನ್ ಚಿಕ್ಕದಾಗುವುದಿಲ್ಲ. ಎರಡರಲ್ಲೂ ರಕ್ತವನ್ನು ಹಾರ್ಟ್-ಲಂಗ್ ಯಂತ್ರಕ್ಕೆ (ಹೃದಯ, ಶ್ವಾಸಕೋಶಗಳ ಕೆಲಸವನ್ನು ತಾತ್ಕಾಲಿಕವಾಗಿ ಮಾಡುವ ಯಂತ್ರ) ತಿರುಗಿಸಿ, ಹೃದಯ ನಿಲ್ಲಿಸಿಯೇ ಕವಾಟ ಸರಿಪಡಿಸುತ್ತಾರೆ.

ಸಾಂಪ್ರದಾಯಿಕ ವಿಧಾನದಲ್ಲಿ ಸುಮಾರು 20 ಸೆಂ.ಮೀ. ಕೊಯ್ದು, ಎದೆಮೂಳೆಯನ್ನು ಗರಗಸದಿಂದ ಉದ್ದಕ್ಕೆ ಸೀಳಿ, ಕೊನೆಗೆ ಸ್ಟೀಲ್ ತಂತಿಯಿಂದ ಬಿಗಿಯುತ್ತಾರೆ. ಮೂಳೆ ಕೂಡಲು 6ರಿಂದ 12 ವಾರ ಬೇಕು. ಅಲ್ಲಿಯವರೆಗೆ ಭಾರ ಎತ್ತುವಂತಿಲ್ಲ. ಸಕ್ಕರೆ ಕಾಯಿಲೆ, ಬೊಜ್ಜು ಇದ್ದವರಲ್ಲಿ ಮೂಳೆಗೆ ಸೋಂಕು ತಗಲುವ ಭಯ ಹೆಚ್ಚು.

ಸಣ್ಣ ಗಾಯವೆಂದರೆ ಬಲ ಎದೆಯಲ್ಲಿ, ಸಾಮಾನ್ಯವಾಗಿ ನಾಲ್ಕನೇ ಪಕ್ಕೆಲುಬಿನ ಸಂದಿಯಲ್ಲಿ, 5–7 ಸೆಂ.ಮೀ. ಮೂಳೆ ಮುಟ್ಟುವುದಿಲ್ಲ, ರಕ್ತಸ್ರಾವ ಕಡಿಮೆ. ಆದರೆ ಅಷ್ಟು ಕಿರಿದಾದ ಜಾಗದಲ್ಲಿ ಯಂತ್ರದ ಕೊಳವೆಗಳು ಹಿಡಿಸುವುದಿಲ್ಲ, ಅವು ತೊಡೆಸಂದಿಯ ರಕ್ತನಾಳಗಳ ಮೂಲಕ ಹೋಗಬೇಕು. ತೊಡಕು ಇರುವುದೇ ಇಲ್ಲಿ. ರಕ್ತ ಕೆಳಗಿನಿಂದ ಮೇಲಕ್ಕೆ ಹರಿಯುವುದರಿಂದ, ಮಹಾಪಧಮನಿಯ (ಹೃದಯದಿಂದ ಹೊರಡುವ ಮುಖ್ಯ ರಕ್ತನಾಳ) ಗೋಡೆಯಲ್ಲಿ ಕೊಬ್ಬು-ಸುಣ್ಣ ಕಟ್ಟಿದ್ದರೆ ಚೂರು ಕಿತ್ತು ಮೆದುಳಿಗೆ ಹೋಗಿ ಪಾರ್ಶ್ವವಾಯು ಆಗಬಹುದು. ಅದಕ್ಕೇ ಮೊದಲು ಎದೆಯಿಂದ ತೊಡೆಯವರೆಗೆ ಸಿ.ಟಿ. ಆಂಜಿಯೋಗ್ರಾಮ್ (ರಕ್ತನಾಳಗಳ ಸ್ಕ್ಯಾನ್) ಮಾಡಿಸಬೇಕು. ಅದಿಲ್ಲದೆ ಸಣ್ಣ ಗಾಯಕ್ಕೆ ಒಪ್ಪಬೇಡಿ. ಹೃದಯ ನಿಂತಿರುವ ಹೊತ್ತೂ ಸಾಮಾನ್ಯವಾಗಿ ಹೆಚ್ಚಾಗುತ್ತದೆ. ನೋವೇ ಇಲ್ಲ ಎಂಬ ಮಾತನ್ನೂ ನಂಬಬೇಡಿ, ಪಕ್ಕೆಲುಬಿನ ನರ ಒತ್ತಿದರೆ ವಾರಗಟ್ಟಲೆ ಚುಚ್ಚುತ್ತದೆ.

ಬ್ರಿಟನ್‌ನಲ್ಲಿ 330 ಮೈಟ್ರಲ್ ರೋಗಿಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 12 ವಾರಗಳ ಹೊತ್ತಿಗೆ ದೈಹಿಕ ಚೇತರಿಕೆಯಲ್ಲಿ ಎರಡೂ ಗುಂಪು ಸಮಸಮ. ಸಣ್ಣ ಗಾಯದವರು ಆಸ್ಪತ್ರೆಯಿಂದ ತುಸು ಬೇಗ ಬಿಡುಗಡೆಯಾದರು, ಅಷ್ಟೇ. ಆ ಆಪರೇಷನ್ ಮಾಡಿದವರೆಲ್ಲ ಪಳಗಿದ ಕೈಗಳು ಎಂಬುದನ್ನು ಮರೆಯಬೇಡಿ.

ಬೈಪಾಸ್ ಕೂಡ ಬೇಕಿದ್ದರೆ, ಬಲ ಶ್ವಾಸಕೋಶಕ್ಕೆ ಹಿಂದೆ ಆಪರೇಷನ್ ಆಗಿದ್ದರೆ, ಕಾಲಿನ ಧಮನಿ ಕಿರಿದಾಗಿದ್ದರೆ, ಕವಾಟದ ಬುಡದಲ್ಲಿ ಸುಣ್ಣ ಗಟ್ಟಿಯಾಗಿದ್ದರೆ ಎದೆಯ ನಡುವಿನ ದಾರಿಯೇ ಸರಿ.

ಇವು ಯಾವುವೂ ಇಲ್ಲದಿದ್ದರೆ ಇಬ್ಬರಿಗೂ ಒಂದೇ ಪ್ರಶ್ನೆ ಹಾಕಿ: ಇಂಥ ಕವಾಟವನ್ನು ಬದಲಿಸದೆ ರಿಪೇರಿ ಮಾಡಿದ್ದು ನೂರಕ್ಕೆ ಎಷ್ಟು? ತಾಯಿಯದೇ ಕವಾಟ ಉಳಿದರೆ, ಹೃದಯದ ಬಡಿತ ಲಯಬದ್ಧವಾಗಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ಕೆಲವು ತಿಂಗಳಿಗೇ ಮುಗಿಯುತ್ತದೆ. ಲೋಹದ ಕವಾಟ ಕೂರಿಸಿದರೆ ಆ ಮಾತ್ರೆ ಜೀವನಪರ್ಯಂತ.