ಕಾರ್ನಿಷ್ ರೆಕ್ಸ್ ಬೆಕ್ಕಿನ ಕಿವಿಯಲ್ಲಿ ದುಂಡು ಬೋಳು ಕಲೆ

ಮಡಿಕೇರಿ ಮಳೆ ಶುರುವಾದ ಮೇಲೆ ನಿಮ್ಮ ಕಾರ್ನಿಷ್ ರೆಕ್ಸ್ ತಳಿಯ ಬೆಕ್ಕಿನ ಕಿವಿಯ ಅಂಚಲ್ಲಿ ದುಂಡಗೆ ಕೂದಲು ಉದುರಿದೆ, ಬೂದಿಯಂಥ ಹೊಟ್ಟು ಬರುತ್ತಿದೆ ಅಂದಿರಿ. ಇದು ಹೆಚ್ಚಾಗಿ ಹುಳಕಡ್ಡಿ, ಅಂದರೆ ರಿಂಗ್‌ವರ್ಮ್. ಹೆಸರಲ್ಲಷ್ಟೇ ಹುಳ, ನಿಜಕ್ಕೂ ಇದು ಫಂಗಸ್. ಚರ್ಮದ ನುಸಿ ಹತ್ತಿದರೂ ಹೀಗೇ ಕಾಣಬಹುದು, ಆದ್ದರಿಂದ ಪರೀಕ್ಷೆ ಬೇಕೇ ಬೇಕು.

ಮೊದಲು ಬೆಕ್ಕನ್ನು ಒಂದೇ ಕೋಣೆಯಲ್ಲಿ ಇರಿಸಿ. ಇದು ನಮಗೂ ಹತ್ತುತ್ತದೆ, ಮಕ್ಕಳಿಗಂತೂ ಬೇಗ. ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ.

ಆಮೇಲೆ ಪಶುವೈದ್ಯರಿಗೆ ತೋರಿಸಿ. ಅಲ್ಲಿವರೆಗೆ ಕಲೆಗೆ ಏನೂ ಹಚ್ಚಬೇಡಿ. ಮನುಷ್ಯರ ಮುಲಾಮು, ಟೀ ಟ್ರೀ ಎಣ್ಣೆ ಎರಡೂ ಬೇಡ, ಬೆಕ್ಕು ನೆಕ್ಕಿಬಿಡುತ್ತದೆ. ವುಡ್ಸ್ ಲ್ಯಾಂಪ್‌ನಲ್ಲಿ (ವೈದ್ಯರು ಹಿಡಿದು ನೋಡುವ ನೇರಳಾತೀತ ದೀಪ) ಕಲೆ ಹಸಿರು ಹೊಳೆಯದಿದ್ದರೂ ರೋಗ ಇಲ್ಲ ಅಂತಲ್ಲ. ಕೂದಲು ಕಲ್ಚರ್‌ಗೆ, ಅಂದರೆ ಲ್ಯಾಬ್‌ನಲ್ಲಿ ಫಂಗಸ್ ಬೆಳೆಸಿ ನೋಡುವ ಪರೀಕ್ಷೆಗೆ, ಕಳಿಸಲು ಕೇಳಿ.

ಔಷಧಿ ಕೊಟ್ಟರೆ ಕಲೆ ಹೋಯಿತು ಅಂತ ಸುಮ್ನೆ ನಿಲ್ಲಿಸಬೇಡಿ. ನನ್ನ ಬೆಕ್ಕಿಗೆ ನಾನು ಹಾಗೇ ನಿಲ್ಲಿಸಿದ್ದೆ, ಮೂರು ವಾರದಲ್ಲಿ ಬಾಲದ ಬುಡದಲ್ಲಿ ಮತ್ತೆ ಬಂತು. ಪಾಪ, ಅದಕ್ಕೆ ಎರಡನೇ ಸಲ ಅದೇ ಕಷ್ಟ.

ಔಷಧದ ಸ್ನಾನ ಹೇಳಿದರೆ ಜಾಸ್ತಿ ಎಚ್ಚರ ಬೇಕು. ಈ ತಳಿಗೆ ಹೊರಗಿನ ಗಟ್ಟಿ ಕೂದಲೇ ಇಲ್ಲ, ಇರುವುದು ಮೆತ್ತನೆಯ ಗುಂಗುರು ತುಪ್ಪಳ ಮಾತ್ರ. ಜುಲೈ ಚಳಿಯಲ್ಲಿ ಒದ್ದೆ ಮೈ ಗಡಗಡ ನಡುಗುತ್ತದೆ. ಒಣ ಟವೆಲ್ ಸುತ್ತಿ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಪಕ್ಕದಲ್ಲಿಡಿ. ಒಲೆ ಹತ್ತಿರ ಒಂಟಿಯಾಗಿ ಬಿಡಬೇಡಿ, ಬಿಸಿ ಹುಡುಕಿ ತೀರಾ ಹತ್ತಿರ ಹೋಗುತ್ತದೆ.

ಮಳೆಗೆ ಒಣಗದ ಕಂಬಳಿ, ಗೋಣಿಚೀಲದ ಹಾಸಿಗೆ ಇದ್ದರೆ ಇವತ್ತೇ ಎಸೆಯಿರಿ, ಫಂಗಸ್ ಅದರಲ್ಲೇ ಉಳಿದಿರಬಹುದು.